ಮೈದುನನ ಮೇಜಿನ ಘಟಸರ್ಪ

ನನ್ನ ಮೈದುನನ ಸುದ್ದಿ ಮೊದಲ ಸಲ ಕಿವಿಗೆ ಬಿದ್ದದ್ದು ನನ್ನ ಮದುವೆಯ ಮಾತುಕತೆ ನಡೆಯುತ್ತಿದ್ದಾಗ. ಹುಡುಗನ ಮನೆಯ ಬಗ್ಗೆ ವಿಚಾರಿಸಿಕೊಂಡು ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ಹೇಳಿದರು.

"ಹುಡುಗ ಬಂಗಾರದಂಥವನು. ಆದ್ರೆ ಅವನಿಗೊಬ್ಬ ತಮ್ಮ ಇದಾನೆ ಕಣೇ. ಭಾನುವಾರ ಬಂದ್ರೆ ಸಾಕು, ಸ್ನೇಹಿತರನ್ನ ಸೇರಿಸ್ಕೊಂಡು ದಾಳ ಉರುಳಿಸ್ತಾನಂತೆ."

"ಜೂಜಾ?" ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು.

"ದುಡ್ಡು ಕಟ್ಟಲ್ವಂತೆ. ರಾಕ್ಷಸರನ್ನ ಕೊಲ್ತಾರಂತೆ."

ಅಮ್ಮನಿಗೆ ಜೂಜೇ ವಾಸಿ ಅನ್ನಿಸಿತು.

ಆ ಮನೆ ಸೇರಿದ ಮೇಲೆ ಎಲ್ಲ ಕಣ್ಣಾರೆ ಕಂಡೆ. ನಡುಮನೆಯ ಮೇಜಿನ ಸುತ್ತ ನಾಲ್ಕು ಜನ: ಮೈದುನ, ಬಸ್ಸಿನ ಡ್ರೈವರ್, ಬೀದಿ ಮೂಲೆಯ ಟೈಲರ್, ಆಸ್ಪತ್ರೆಯ ನರ್ಸ್. ಮೈದುನ ಕಥೆ ಹೇಳುವವನು. ಉಳಿದ ಮೂವರೂ ಆ ಕಥೆಯೊಳಗಿನ ಒಂದೊಂದು ಪಾತ್ರ. "ಗುಹೆ ಬಾಗಿಲಲ್ಲಿ ನಿಂತಿದೀರಿ, ಏನು ಮಾಡ್ತೀರಿ?" ಎಂದು ಅವನು ಕೇಳಬೇಕು, ಇವರು ಹೇಳಬೇಕು, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸಬೇಕು. ಅವನು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಕೆಲಸದವನು. ದಾಳಗಳನ್ನೂ ಬೊಂಬೆಗಳನ್ನೂ ಹಿತ್ತಾಳೆಯ ಚೂರುಗಳಲ್ಲಿ ಅರದಿಂದ ಉಜ್ಜಿ ಉಜ್ಜಿ ತಾನೇ ಮಾಡುತ್ತಿದ್ದ. ಹೆಬ್ಬೆರಳಿಗಿಂತ ಚಿಕ್ಕ ಕತ್ತಿವೀರನ ಕೈಯಲ್ಲೂ ಬೆರಳುಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಆಗ ಅವರಿಗೆಲ್ಲ ಬಿಸಿರಕ್ತ. ಬಾಗಿಲು ಕಂಡರೆ ಒದೆಯುವುದು, ನೆರಳು ಕಂಡರೆ ಕತ್ತರಿಸುವುದು. ಡ್ರೈವರ್ ಅಂತೂ ಎದುರಿಗೆ ಬಂದವನು ಯಾರೆಂದು ಕೇಳುವ ಮೊದಲೇ ಅವನ ತಲೆ ತೆಗೆದಿರುತ್ತಿದ್ದ.

"ಲೋ, ಅವನು ದಾರಿ ತೋರಿಸೋಕೆ ಬಂದಿದ್ನೋ!" ಎಂದು ಮೈದುನ ಹಣೆ ಚಚ್ಚಿಕೊಳ್ಳುವನು.

"ಮೊದಲೇ ಹೇಳ್ಬೇಕಿತ್ತಪ್ಪ!"

ಆ ಗಲಾಟೆಗೆ ನನ್ನ ಯಜಮಾನರು ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಿದ್ದರು.

ಆಮೇಲೆ ಮೂವರಿಗೂ ಮದುವೆಯಾಯಿತು, ಮಕ್ಕಳಾದವು. ಮೈದುನ ಮಾತ್ರ ಒಂಟಿಯಾಗಿಯೇ ಉಳಿದ. ಇವನು ಮೇಜನ್ನೇ ಕಟ್ಟಿಕೊಂಡಿದ್ದಾನೆ ಎಂದು ನಾವು ರೇಗಿಸುತ್ತಿದ್ದೆವು. ಅವರ ಆಟದ ರುಚಿಯೂ ಬದಲಾಯಿತು. "ವಾರವಿಡೀ ಅವರಿವರ ಸೊಂಟದ ಅಳತೆ ತಗೊಂಡು ತಲೆ ಬಗ್ಗಿಸಿರ್ತೀನಿ. ಭಾನುವಾರ ನಾನು ಮಂತ್ರಿ" ಎಂದು ಟೈಲರ್ ಹಟ ಹಿಡಿದ. ಕಥೆಯಲ್ಲಿ ಮಗುವೊಂದು ಕಳೆದುಹೋದರೆ ಡ್ರೈವರ್ ಚಹಾ ಮುಟ್ಟದೆ ಕೂರುತ್ತಿದ್ದ. ನರ್ಸ್ ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟಳು, "ಇಲ್ಲಿ ಯಾರೂ ಸಾಯೋ ಹಾಗಿಲ್ಲ. ಸಾವು ನೋಡೋಕೆ ನನಗೆ ಸಂಬಳ ಕೊಡ್ತಾರೆ. ಇಲ್ಲಿ ಬಿಟ್ಟಿ ಯಾಕೆ ನೋಡ್ಲಿ?"

ಮೈದುನ ಯಾರಿಗೂ ಇಲ್ಲ ಅನ್ನಲಿಲ್ಲ. ಗುಹೆಗಳನ್ನು ಮುಚ್ಚಿ ಊರು ಕಟ್ಟಿಕೊಟ್ಟ, ಜಗಳ ಬಿಡಿಸಲು ಮಂತ್ರಿಗೊಂದು ಚಾವಡಿ ಕೊಟ್ಟ. ಕಳೆದುಹೋದ ಮಕ್ಕಳೆಲ್ಲ ಸಂಜೆಯೊಳಗೆ ಮನೆ ಸೇರುವಂತೆ ನೋಡಿಕೊಂಡ.

ಡ್ರೈವರ್ ನಿವೃತ್ತನಾದ ವರ್ಷ, ಆಟ ಮುಗಿಸಿ ಏಳುತ್ತಾ, "ಬರೋ ವಾರ ಬರ್ತೀನಿ, ಅದೇ ಕೊನೆ. ಆಮೇಲೆ ನನ್ನನ್ನ ಲೆಕ್ಕಕ್ಕೆ ಇಟ್ಕೋಬೇಡಿ" ಅಂದುಬಿಟ್ಟ.

ಆ ಹೊತ್ತಿಗೆ ನನ್ನ ಯಜಮಾನರು ತೀರಿಕೊಂಡಿದ್ದರು, ಮನೆಯಲ್ಲಿ ನಾವಿಬ್ಬರೇ. ಮೈದುನನ ಮುಖ ಬಾಡಿಹೋಯಿತು. "ನನ್ನ ಕಥೆ ಸಪ್ಪೆ ಆಗಿದೆ ಅತ್ತಿಗೆ. ಅವನು ಬಿಟ್ರೆ ಉಳಿದವರೂ ಬಿಡ್ತಾರೆ. ಈ ಮೇಜು ಬರೀ ಮೇಜಾಗತ್ತೆ."

ಆ ವಾರ ಅವನು ಮಾಡಿದ್ದೇ ಘಟಸರ್ಪ, ನಿಧಿ ಕಾಯುವ ಹಾವು. ಅಂಗೈಯಷ್ಟು ಹಿತ್ತಾಳೆಯಲ್ಲಿ ಒಂದೊಂದು ಹುರುಪೆಯೂ ಕಾಣುವಂತೆ ಕೊರೆದ. ಅದರ ಕಡಿತ, ಬಾಲದ ಹೊಡೆತ, ವಿಷ, ಬೆಂಕಿ ಎಲ್ಲಕ್ಕೂ ಹಾಳೆಗಟ್ಟಲೆ ಲೆಕ್ಕ ಹಾಕಿದ. "ಇದನ್ನ ನೋಡಿದ್ರೆ ಅವನ ಬಿಸಿರಕ್ತ ವಾಪಸ್ ಬರತ್ತೆ, ನೋಡ್ತಾ ಇರಿ."

ಭಾನುವಾರ ಡ್ರೈವರ್ ಆ ಹಾವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದ. ಮೆಲ್ಲಗೆ ಮೇಜಿನ ಮೇಲಿಟ್ಟು, "ನಾನು ಕತ್ತಿ ಕೆಳಗಿಡ್ತೀನಿ. ಇದರ ಎದುರಿಗೆ ಕೂತ್ಕೋತೀನಿ" ಅಂದ.

"ಅದು ನುಂಗತ್ತೆ ಕಣೋ!"

"ನುಂಗ್ಲಿ ಬಿಡು. ಮೊದಲು ಮಾತಾಡಿಸ್ತೀನಿ. ಏನಮ್ಮಾ, ಯಾವ ಕಾಲದಿಂದ ಒಬ್ಬಳೇ ಕಾಯ್ತಾ ಇದೀಯ? ಬೇಜಾರಾಗಲ್ವಾ?"

ಮೈದುನ ಕಕ್ಕಾಬಿಕ್ಕಿಯಾದ. ಹಾವಿಗೆ ಹಲ್ಲು ಕೊಟ್ಟಿದ್ದ, ಮಾತು ಕೊಟ್ಟಿರಲಿಲ್ಲ. "ಹೊಡೆದಾಡಲ್ವೇನೋ?" ಎಂದು ಸಣ್ಣ ದನಿಯಲ್ಲಿ ಕೇಳಿದ.

ಡ್ರೈವರ್ ತಲೆ ತಗ್ಗಿಸಿದ. "ಆ ಕೂಡೋದು ಕಳೆಯೋದು ಈಗ ತಲೆಗೆ ಹತ್ತಲ್ಲ ಕಣೋ. ದಾಳದ ಮೇಲಿನ ಅಂಕಿನೂ ಕಾಣಲ್ಲ. ಹೇಳ್ಕೊಳ್ಳೋಕೆ ನಾಚಿಕೆಯಾಗಿ ಬಿಡ್ತೀನಿ ಅಂದೆ. ನಿನ್ನ ಕಥೆ ಯಾವನಿಗೆ ಬೇಡ?"

ಮೈದುನ ವಾರವಿಡೀ ಹಾಕಿದ ಲೆಕ್ಕದ ಹಾಳೆಗಳನ್ನು ಮಡಚಿ, ನಾನು ತಂದಿದ್ದ ಬಿಸಿ ಚಹಾ ಪಾತ್ರೆಯ ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡು ಹಾವಾದ.

"ಬೇಜಾರಾ? ಬರೋರು ಹೊತ್ತಿಗೆ ಸರಿಯಾಗಿ ಬರಲ್ಲ. ಬಂದ್ರೆ ಕಾಲು ಒರೆಸಲ್ಲ. ಕುಡಿದ ಲೋಟ ತೊಳೆದಿಡಲ್ಲ. ನಿಮ್ಮಂಥವರನ್ನ ನುಂಗಿ ನನ್ನ ಹೊಟ್ಟೆ ಯಾಕೆ ಕೆಡಿಸ್ಕೊಳ್ಲಿ?"

"ಅಯ್ಯೋ, ಥೇಟ್ ಅಕ್ಕ!" ಎಂದು ನರ್ಸ್ ಕಿರುಚಿದಳು. ಎಲ್ಲರೂ ನನ್ನ ಕಡೆ ತಿರುಗಿ ಬಿದ್ದು ಬಿದ್ದು ನಕ್ಕರು. ನಾನು ಸೌಟು ಎತ್ತಿ ತೋರಿಸಿದೆ, ನನಗೂ ನಗು ತಡೆಯಲಾಗಲಿಲ್ಲ.

ಡ್ರೈವರ್ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ. ಮೈದುನ ನಿಂಬೆಹಣ್ಣಿನ ಗಾತ್ರದ ಒಂದೇ ದಾಳ ಮಾಡಿದ. ಬೆರಳಾಡಿಸಿದರೂ ತಿಳಿಯುವಷ್ಟು ಆಳವಾಗಿ ಅಂಕಿ ಕೆತ್ತಿದ. ಹಾವು ಪ್ರತಿ ಭಾನುವಾರ ಬೈಯುತ್ತಿತ್ತು, ಮೂವರೂ ಬೈಸಿಕೊಂಡು ಸುಖವಾಗಿದ್ದರು. ಲೇತಿನಲ್ಲಿ ಕೂದಲೆಳೆಯಷ್ಟೂ ತಪ್ಪದ ಕೈ ಅವನದು ಎಂದು ಕಾರ್ಖಾನೆಯವರು ಹೊಗಳುತ್ತಿದ್ದರು. ಅದು ಅವರ ಹೆಮ್ಮೆ. ತಾನು ಕಷ್ಟಪಟ್ಟು ಕಟ್ಟಿದ್ದನ್ನು ಚಹಾ ಪಾತ್ರೆಯ ಕೆಳಗಿಟ್ಟು ಸ್ನೇಹಿತನನ್ನು ಉಳಿಸಿಕೊಂಡನಲ್ಲ, ಅದು ನನ್ನ ಹೆಮ್ಮೆ.

ಹೋದ ವರ್ಷ ಅವನಿಗೆ ಉಸಿರಿನ ತೊಂದರೆ ಹೆಚ್ಚಿ ದನಿ ಪಿಸುಮಾತಿಗೆ ಇಳಿಯಿತು. ಹಾಸಿಗೆಯ ಪಕ್ಕ ಕೂತಿದ್ದ ನನ್ನ ಕೈಯಲ್ಲಿ ಘಟಸರ್ಪವನ್ನು ಇಟ್ಟ.

"ಭಾನುವಾರ ನನ್ನ ಕುರ್ಚೀಲಿ ನೀವು ಕೂತ್ಕೊಳ್ಳಿ ಅತ್ತಿಗೆ."

"ನಿನ್ನ ಆಟ ನನಗೆಲ್ಲಿ ಬರತ್ತಪ್ಪಾ?"

"ಇದರ ಮಾತೆಲ್ಲ ನಿಮ್ಮದೇ. ಇಷ್ಟು ದಿನ ನಾನು ಕದ್ದು ಆಡ್ದೆ, ಅಷ್ಟೆ." ಉಸಿರು ಎಳೆದುಕೊಂಡು, ನನ್ನ ಬೆರಳುಗಳನ್ನು ಹಾವಿನ ಸುತ್ತ ಮಡಚಿದ. "ನಾನಿಲ್ಲ ಅಂತ ಇದು ಮೂಗಿ ಆಗೋದು ಬೇಡ. ಅವರು ಬಂದಾಗ ಬಾಗಿಲಲ್ಲೇ ಬೈಯಿರಿ, ಕಾಲು ಒರೆಸ್ಕೊಂಡು ಒಳಗೆ ಬನ್ನಿ ಅಂತ."