ಬಾಬಾಲಾಲ ಉಗುಳಿದ ಬೆಲ್ಲ

ಗೋಕಾಕದ ಕಾಶಿನಾಥರ ಕರದಂಟಿನ ಅಂಗಡಿಗೆ ಬೆಲ್ಲ ಖರೀದಿಸುವ ಕೆಲಸ ಮೂಡಲಗಿಯ ಬಾಬಾಲಾಲನದು. ಇಪ್ಪತ್ತೆಂಟು ವರ್ಷದಿಂದ ಹಂಗಾಮಿನಲ್ಲಿ ಒಂದು ವಾರವೂ ಪೇಟೆಯ ಬೆಲ್ಲದ ಸವಾಲು, ಅಂದರೆ ಹರಾಜು, ತಪ್ಪಿಸಿದವನಲ್ಲ. ಒಳ್ಳೆಯ ಬೆಲ್ಲ ಆರಿಸುವುದು ಅವನ ಕೆಲಸ ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ಅವನು ಮಾಡುವುದು ಬೇಡದ್ದನ್ನು ಬಿಡುವ ಕೆಲಸ. ಬಿಡುತ್ತ ಬಿಡುತ್ತ ಹೋದರೆ ಕೊನೆಗೆ ಉಳಿದದ್ದು ತಾನೇ ಒಳ್ಳೆಯದಾಗಿರುತ್ತದೆ.

ಹಳದಿಯಾಗಿ ಥಳಥಳಿಸುವ ಬೆಲ್ಲದ ಪೆಂಟಿಯನ್ನು ಅವನು ಕಣ್ಣೆತ್ತಿಯೂ ನೋಡುವುದಿಲ್ಲ. ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಸುರಿಯದೆ ಕಬ್ಬಿನ ಹಾಲಿಗೆ ಆ ಬಣ್ಣ ಎಲ್ಲಿಂದ ಬರಬೇಕು? ಮುಟ್ಟಿದರೆ ಬೆರಳಿಗೆ ಅಂಟುವ ಬೆಲ್ಲವೂ ಬೇಡ. ಅದರಿಂದ ಮಾಡಿದ ಕರದಂಟು ಎಂಟೇ ದಿನಕ್ಕೆ ಡಬ್ಬಿಯಲ್ಲಿ ಮೆತ್ತಗಾಗುತ್ತದೆ. ಮುರಿದಾಗ ಒಳಗೆ ಹರಳು ಮಿಂಚಿತೋ, ಅಗ್ಗದ ಸಕ್ಕರೆ ಕರಗಿಸಿ ಬೆರೆಸಿದ್ದಾರೆಂದೇ ಅರ್ಥ. ಇಷ್ಟು ಕಣ್ಣಿಗೆ, ಕೈಗೆ ಸಿಗುತ್ತದೆ. ಸವಳು ನೆಲದ ಕಬ್ಬಿನ ಉಪ್ಪು, ತಳ ಹತ್ತಿದ ಪಾಕದ ಕಹಿ ಮಾತ್ರ ಬಾಯಿಗೆ ಹಾಕಿಕೊಂಡಾಗಲೇ ಗೊತ್ತಾಗುವುದು.

ಸವಾಲಿನಲ್ಲಿ ಒಂದು ಪದ್ಧತಿ ಇದೆ. ರೈತರು ತಾವೇ ತುಣುಕು ಮುರಿದು ಕೈಗೆ ಕೊಡುತ್ತಾರೆ. ಅದು ಹೇಗೇ ಇರಲಿ, ಕೊಟ್ಟವರೆದುರು ಉಗುಳುವಂತಿಲ್ಲ. ಉಗುಳಿದರೆ ಆ ಮಾಲು ತಿನ್ನಲು ಬಾರದ್ದು ಎಂದು ಊರಿಗೆಲ್ಲ ಸಾರಿದಂತೆ. ಬಾಬಾಲಾಲ ಇಷ್ಟು ವರ್ಷದಲ್ಲಿ ಎರಡೇ ಸಲ ಉಗುಳಿದ್ದ. ಆ ಎರಡೂ ಮಾಲನ್ನು ಯಾರೂ ಮುಟ್ಟಿರಲಿಲ್ಲ. ಉಳಿದ ವ್ಯಾಪಾರಿಗಳೋ ಮಹಾ ಮೈಗಳ್ಳರು. ತಾವು ತಿಂದು ನೋಡುವ ಬದಲು ಅವನ ಮುಖ ನೋಡಿಕೊಂಡೇ ದರ ಕೂಗುತ್ತಿದ್ದರು.

ಇಂಥವನಿಗೆ ಈ ಹಂಗಾಮಿನ ಶುರುವಿನಲ್ಲಿ ಸಕ್ಕರೆ ಕಾಯಿಲೆ ಗಂಟುಬಿತ್ತು. ಡಾಕ್ಟರು ಬೆಲ್ಲ ಬಂದ್ ಎಂದರು. ಬಾಬಾಲಾಲ ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಬೆಲ್ಲ ತಿನ್ನಬಾರದವನ ಕೈಗೆ ಬೆಲ್ಲದ ಖರೀದಿ ಯಾರು ಕೊಡುತ್ತಾರೆ? ಎರಡು ತಿಂಗಳು ನುಂಗುತ್ತಲೇ ಹೋದ. ಕಾಲಿಗಾದ ಸಣ್ಣ ಗಾಯವೊಂದು ಮಾಯದೆ ಹೋದಾಗ ಹೆಂಡತಿ ಸಾಯಿರಾಬಿ ಹಟ ಹಿಡಿದಳು.

"ಬಾಯಾಗ ಹಾಕ್ಕೊಳ್ರಿ, ರುಚಿ ನೋಡ್ರಿ, ಉಗಳಿ ಬಿಡ್ರಿ. ನುಂಗಿದ್ರ ನನ್ನ ಮ್ಯಾಲ ಆಣಿ."

ಮರುದಿನದ ಸವಾಲಿಗೆ ಬೆಲ್ಲದ ಬಾಗೇವಾಡಿ ಊರಿನ ದಾನೇಶ್ವರಿ ತನ್ನ ಗಾಣದ ಮೊದಲ ಮಾಲು ತಂದಿದ್ದಳು. ಪುಡಿ ಹಾಕದ ಬೆಲ್ಲ, ಬಣ್ಣ ಕಂದು. ತುಣುಕು ಮುರಿದು ಬಾಬಾಲಾಲನ ಕೈಗೆ ಕೊಟ್ಟಳು.

"ನೋಡ್ರಿ ಕಾಕಾ. ಈ ಮಾಲಿಗಿ ದರ ಬರಲಿಲ್ಲಂದ್ರ ಗಾಣ ಬಂದ್ ಮಾಡಿ ಕಬ್ಬು ಫ್ಯಾಕ್ಟರಿಗೆ ಕಳಸೂದು ಅಂತ ನಮ್ಮ ಮಾವ ಹೇಳ್ಯಾರ."

ಬಾಬಾಲಾಲ ಬಾಯಿಗೆ ಹಾಕಿಕೊಂಡ. ಉಪ್ಪಿಲ್ಲ, ಕಹಿಯಿಲ್ಲ, ಪಾಕ ಸರಿಯಾದ ಹದಕ್ಕೆ ಇಳಿದಿತ್ತು. ಎಷ್ಟೋ ವರ್ಷದಿಂದ ಅಂಥ ಬೆಲ್ಲ ಅವನ ನಾಲಿಗೆಗೆ ಬಿದ್ದಿರಲಿಲ್ಲ. ನುಂಗಬೇಕೆಂದು ಜೀವ ಒದ್ದಾಡಿತು. ಆಣೆ ನೆನಪಾಗಿ ಕಂಬದ ಹಿಂದೆ ಸರಿದು ಕರವಸ್ತ್ರದಲ್ಲಿ ಉಗುಳಿದ. ಅದನ್ನು ವ್ಯಾಪಾರಿ ವಿಠ್ಠಲ ನೋಡಿಬಿಟ್ಟ.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಅಡತಿ ಅಂಗಡಿಯ ಸೋಮಪ್ಪ ಸವಾಲು ಕೂಗಲು ಶುರುಮಾಡಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ವಿಠ್ಠಲ, ದನಕ್ಕೆ ಹಾಕಲಿಕ್ಕಾದರೂ ಬಂದೀತು ಎಂದು ನಗುತ್ತ ಅರ್ಧ ದರ ಕೂಗಿದ. ದಾನೇಶ್ವರಿ ಬಾಬಾಲಾಲನ ಮುಖವನ್ನೇ ನೋಡುತ್ತ ನಿಂತಿದ್ದಳು. ಏನು ತಪ್ಪಾಯಿತೆಂದು ಅವಳಿಗೆ ತಿಳಿಯದು.

ತಾನು ಸುಮ್ಮನೆ ವಿಠ್ಠಲನಿಗಿಂತ ಒಂದು ಮಾತು ಏರಿಸಿ ಕೂಗಿದರೆ ಅಷ್ಟೂ ಮಾಲು ಅಗ್ಗದಲ್ಲಿ ಕಾಶಿನಾಥರದಾಗುತ್ತಿತ್ತು. ಧಣಿ ಬೆನ್ನು ತಟ್ಟುತ್ತಿದ್ದರು, ಕಾಯಿಲೆಯ ಗುಟ್ಟೂ ಉಳಿಯುತ್ತಿತ್ತು. ಬಾಬಾಲಾಲನಿಗೆ ಈ ವಿಚಾರ ಬಂದದ್ದು ಖರೆ. ಬಂದದ್ದಕ್ಕೆ ಅವನಿಗೇ ಅಸಹ್ಯವಾಯಿತು.

"ಸೋಮಪ್ಪಣ್ಣ, ಸವಾಲ ನಿಂದರಸ್ರಿ," ಎಂದ ಗಟ್ಟಿಯಾಗಿ. "ಬೆಲ್ಲದಾಗ ಐಬ ಇಲ್ಲ. ಐಬ ನನ್ನ ಮೈಯಾಗ ಐತಿ. ನನಗ ಸಕ್ಕರಿ ಬ್ಯಾನಿ ಬಂದೈತ್ರಿ, ಅದಕ್ಕ ಉಗಳೇನಿ."

ವಿಠ್ಠಲ ಕೇಳಿದ: "ಖರೇನ ಹೇಳಾಕತ್ತೀರೇನ್ರಿ?"

"ನನ್ನ ಮಾರಿ ನೋಡೂದು ಸಾಕು ಮಾಡೋ ಮಾರಾಯ. ನಿನಗೂ ದೇವ್ರು ಬಾಯಿ ಕೊಟ್ಟಾನ, ತಿಂದ ನೋಡು."

ತಿಂದರು. ಅಷ್ಟೂ ಜನ ಅಂದು ತಾವೇ ತಿಂದು ನೋಡಿದರು. ಆಮೇಲೆ ದರ ಏರುತ್ತ ಹೋಗಿ ಕಾಶಿನಾಥರು ಹಾಕಿಕೊಟ್ಟ ಮಿತಿಯನ್ನೂ ದಾಟಿತು. ಮಾಲು ವಿಠ್ಠಲನ ಪಾಲಾಯಿತು.

ಬಾಬಾಲಾಲ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಾಶಿನಾಥರ ಫೋನು ಬಂತು. ಸುದ್ದಿ ಗೋಕಾಕ ಮುಟ್ಟಿತ್ತು.

"ಮೊದಲ ಹೇಳಬೇಕಿತ್ತಲ್ಲ ಬಾಬಾಲಾಲ. ಇರ್ಲಿ, ಮುಂದಿನ ವಾರದಿಂದ ಖರೀದಿಗೆ ನಮ್ಮ ಅಂಗಡಿ ಶಿವಕುಮಾರ ಬರ್ತಾನ. ನೀವು ಆರಾಮ ತಗೋರಿ."

"ಆತ್ರಿ ಧಣ್ಯಾರ," ಎಂದ ಬಾಬಾಲಾಲ. ಧಣಿ ಅಷ್ಟು ಮೆತ್ತಗೆ ಹೇಳಿದ್ದಕ್ಕೇ ಅವನಿಗೆ ಹೆಚ್ಚು ನೋವಾಯಿತು. ಬೈದಿದ್ದರೆ ತಾನೂ ಎರಡು ಮಾತು ಆಡಬಹುದಿತ್ತು. ಫೋನು ಜೇಬಿಗೆ ಹಾಕಿ ಅಲ್ಲೇ ಗೋಣಿಚೀಲದ ಮೇಲೆ ಕುಳಿತ.

ದಾನೇಶ್ವರಿ ಬಂದಳು. ಫೋನಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗಾಣ ಉಳಿದ ಸಂತೋಷದಲ್ಲಿ ಒಂದು ತುಣುಕು ಬೆಲ್ಲ ಚಾಚಿದವಳು ಗಕ್ಕನೆ ಕೈ ಹಿಂದೆಳೆದುಕೊಂಡಳು.

"ಅಯ್ಯ, ನಿಮಗ ನಡಿಯೂದಿಲ್ಲಲ್ರಿ ಕಾಕಾ."

"ಇವತ್ತೊಂದ ದಿನ ನಡೀತೈತಿ, ಕೊಡವ್ವ. ಸಾಯಿರಾಬಿ ಕಡೆ ಬೈಸ್ಕೊಂತೇನಿ."

ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ನಿಧಾನ ಕರಗಿಸಿ ನುಂಗಿದ. ಇಪ್ಪತ್ತೆಂಟು ವರ್ಷದಲ್ಲಿ ಐಬು ಹುಡುಕದೆ ಅವನು ತಿಂದ ಮೊದಲ ಬೆಲ್ಲ ಅದು.