ಖರ್ಜೂರದ ಬುಡಕ್ಕೆ ಎರಡು ಸೇರು ಉಪ್ಪು

ಮರಗಿಡಗಳ ವಿಷಯದಲ್ಲಿ ನನಗೆ ಆಗ ವಿಪರೀತ ಜಂಬ. ಕಾಪು ಕಡೆಯ ಕಡಲ ದಂಡೆಯಲ್ಲಿ ತೆಂಗಿನ ಮರಗಳ ನಡುವೆಯೇ ಬೆಳೆದವನು ನಾನು. ಎಪ್ಪತ್ತರ ದಶಕದ ಕೊನೆಗೆ ಬಹರೈನ್‌ಗೆ ಹೋಗಿ ರಿಫಾದ ಒಂದು ಮನೆಯಲ್ಲಿ ಡ್ರೈವರ್ ಆದಾಗಲೂ ಆ ಜಂಬವನ್ನು ಊರಲ್ಲಿ ಬಿಟ್ಟು ಹೋಗಿರಲಿಲ್ಲ. ಮರಳಿನ ನಾಡಿನವರಿಗೆ ಗಿಡ ಸಾಕುವುದು ಏನು ಗೊತ್ತು ಎಂದುಕೊಂಡಿದ್ದೆ. ತಲೆತಲಾಂತರದಿಂದ ಖರ್ಜೂರ ಬೆಳೆಸಿದ ಜನರ ಬಗ್ಗೆ ಹಾಗೆ ಯೋಚಿಸಿದ್ದೆನಲ್ಲ ಎಂದು ಈಗ ನೆನೆದರೆ ನನಗೇ ನಗು ಬರುತ್ತದೆ.

ಯಜಮಾನರ ತಾಯಿ ಹಜ್ ಯಾತ್ರೆ ಮಾಡಿ ಬಂದವರು, ಎಲ್ಲರೂ ಅವರನ್ನು ಹಜ್ಜಿಯಾ ಎಂದು ಕರೆಯುತ್ತಿದ್ದರು. ಎಪ್ಪತ್ತು ದಾಟಿದ್ದ ಹೆಂಗಸು, ಕಣ್ಣು ಅಷ್ಟಾಗಿ ಕಾಣಿಸುತ್ತಿರಲಿಲ್ಲ. ಅವರ ತಂದೆ ಮುತ್ತಿನ ವ್ಯಾಪಾರಕ್ಕೆಂದು ಬೊಂಬಾಯಿಯಲ್ಲಿ ಸಂಸಾರ ಸಮೇತ ಕೆಲವು ವರ್ಷ ಇದ್ದವರಂತೆ. ಹಾಗಾಗಿ ಹಜ್ಜಿಯಾರ ಹಿಂದಿ ನನ್ನ ಹಿಂದಿಗಿಂತ ಎಷ್ಟೋ ಚೆನ್ನಾಗಿತ್ತು. ಆ ತಂದೆಯ ಖರ್ಜೂರದ ತೋಟಕ್ಕೆ ನೀರು ಕೊಡುತ್ತಿದ್ದ ಬುಗ್ಗೆ ಬತ್ತಿ, ಮರಗಳು ಒಂದೊಂದೇ ಒಣಗಿದ್ದವು. ಕೊನೆಯ ಮರ ಸಾಯುವ ಮುಂಚೆ ಅದರ ಬುಡದ ಕಂದೊಂದನ್ನು ಕೀಳಿಸಿ ತಂದು, ಹಜ್ಜಿಯಾ ಅಂಗಳದಲ್ಲಿ ನೆಡಿಸಿದ್ದರು. ನನ್ನ ಸೊಂಟದೆತ್ತರದ ಗಿಡ ಅದು. ಇದು ಹೋದರೆ ಅಪ್ಪನ ತೋಟದ್ದು ಅಂತ ಏನೂ ಉಳಿಯುವುದಿಲ್ಲ ಎಂದು ನನಗೂ ಒಂದೆರಡು ಸಲ ಹೇಳಿದ್ದರು.

ಆ ವರ್ಷದ ಚಳಿ ವಿಪರೀತವಾಗಿತ್ತು. ಉತ್ತರದ ಗಾಳಿ ಒಂದು ವಾರ ಬಿಡದೆ ಬೀಸಿತು. ದೊಡ್ಡ ಖರ್ಜೂರದ ಮರಗಳಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಬೇರು ಇನ್ನೂ ಸರಿಯಾಗಿ ಹಿಡಿಯದ ಈ ಕಂದಿನ ಗರಿಗಳ ತುದಿ ಸುಟ್ಟ ಹಾಗೆ ಕಂದಿತು. ಅದೇ ಹೊತ್ತಿಗೆ ಹಜ್ಜಿಯಾ ಮಾಹೂಝ್‌ನಲ್ಲಿದ್ದ ಮಗಳ ಮನೆಗೆ ನಾಲ್ಕು ದಿನ ಇರಲು ಹೋದರು. ಅವರು ಬರುವುದರೊಳಗೆ ಗಿಡವನ್ನು ನೆಟ್ಟಗೆ ಮಾಡಿ ತೋರಿಸಬೇಕೆಂದು ನನಗೆ ಹುಮ್ಮಸ್ಸು ಬಂತು.

ನಮ್ಮಲ್ಲಿ ತೆಂಗಿನ ಸಸಿ ನೆಡುವಾಗ ಗುಂಡಿಗೆ ಉಪ್ಪು ಹಾಕುತ್ತಾರೆ. ಮರ ಸೊರಗಿದರೆ ಬುಡ ಬಿಡಿಸಿ ಮತ್ತೆ ಉಪ್ಪು ಹಾಕುತ್ತಾರೆ. ನನ್ನ ಅಪ್ಪ ಹಾಕಿದ್ದನ್ನು ನೋಡಿದ್ದೆ, ನಾನೂ ಹಾಕಿದ್ದೆ. ಇದೂ ಅದೇ ಜಾತಿಯ ಮರವಲ್ಲವೇ? ಅಡುಗೆಮನೆಯ ಡಬ್ಬಿಯಿಂದ ಸುಮಾರು ಎರಡು ಸೇರು ಹರಳುಪ್ಪು ತಂದು ಬುಡದ ಸುತ್ತ ಹರಡಿ, ಮಣ್ಣು ಮುಚ್ಚಿ, ನಲ್ಲಿಯ ನೀರು ಬಿಟ್ಟೆ. ದೊಡ್ಡ ವೈದ್ಯನ ಹಾಗೆ ಕೈ ತೊಳೆದುಕೊಂಡೆ.

ಹಜ್ಜಿಯಾ ವಾಪಸು ಬರುವಾಗ ಕಂದಿನ ಅರ್ಧ ಗರಿಗಳು ಒಣಗಿದ್ದವು. ಅವರು ಬಗ್ಗಿ ಗರಿಗಳನ್ನು ಕೈಯಿಂದ ಸವರಿ, "ಇದಕ್ಕೆ ಏನಾದರೂ ಮಾಡಿದೆಯಾ?" ಎಂದು ಕೇಳಿದರು.

"ಇಲ್ಲ ಹಜ್ಜಿಯಾ, ಚಳಿಗೆ ಹೀಗಾಯಿತು" ಎಂದೆ. ಬಾಯಿಂದ ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಅದಕ್ಕೆ ಕಾರಣವೂ ಇತ್ತು. ನನಗಿಂತ ಮುಂಚಿನ ಡ್ರೈವರ್ ಕಾರನ್ನು ಗೋಡೆಗೆ ತಾಗಿಸಿ, ನನಗೆ ಗೊತ್ತೇ ಇಲ್ಲ ಎಂದಿದ್ದನಂತೆ. ತಾಗಿಸಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಯಜಮಾನರು ಅವನನ್ನು ಊರಿಗೆ ಕಳಿಸಿದ್ದರು. ನನಗೆ ಮದುವೆಯಾಗದ ಇಬ್ಬರು ತಂಗಿಯರಿದ್ದರು. ಗಿಡವೂ ಉಳಿಯಬೇಕು, ನನ್ನ ಕೆಲಸವೂ ಉಳಿಯಬೇಕು ಎಂದು ಸಿಕ್ಕಿದ ದೇವರಿಗೆಲ್ಲ ಹರಕೆ ಹೊತ್ತು ಒಂಬತ್ತು ದಿನ ಕಳೆದೆ. ಹಜ್ಜಿಯಾ ದಿನಾ ಬೆಳಿಗ್ಗೆ ಬಂದು, ಚಳಿಯನ್ನು ಬೈದು, ಅದೇ ನಲ್ಲಿಯ ನೀರು ಹಾಕಿಸುತ್ತಿದ್ದರು.

ನನ್ನನ್ನು ಹಿಡಿದದ್ದು ಅಡುಗೆಯ ಕಾಕ. ಉಳ್ಳಾಲದ ಬ್ಯಾರಿ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೀನಿಗೆಂದು ಇಟ್ಟಿದ್ದ ಹರಳುಪ್ಪಿನ ಡಬ್ಬಿ ಖಾಲಿಯಾದದ್ದನ್ನು ನೋಡಿ ನೇರವಾಗಿ ನನ್ನ ಹತ್ತಿರ ಬಂದರು.

"ಉಪ್ಪು ಎಲ್ಲಿಗೆ ಹೋದದ್ದು ಮಾರಾಯ?"

ಹೇಳಿದೆ. ಅವರು ತಲೆಗೆ ಕೈ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು.

"ನಿನಗೆ ಎಂತ ಮಂಡೆ ಸಮ ಇಲ್ಲವಾ? ಇಲ್ಲಿಯ ಮಣ್ಣೇ ಉಪ್ಪು, ನಲ್ಲಿಯ ನೀರೂ ಉಪ್ಪು. ಅದರ ಮೇಲೆ ನೀನು ಬೇರೆ ಹಾಕಿದ್ದಾ? ಹೋಗಿ ಹೇಳು. ಈಗಲೇ ಹೇಳು."

"ಯಜಮಾನರಿಗೆ ಗೊತ್ತಾದರೆ ನನ್ನನ್ನು ಕಳಿಸ್ತಾರೆ ಕಾಕ."

"ಕಳಿಸಿದರೆ ನೀನು ಊರಿಗೆ ಹೋಗ್ತೀ. ಆ ಗಿಡ ಎಲ್ಲಿಗೆ ಹೋಗುವುದು?"

ನಾನು ನೇರ ಹೊರಗೆ ನಡೆದೆ. ಹಜ್ಜಿಯಾ ಅಂಗಳದ ಬಿಸಿಲಿಗೆ ಕೂತಿದ್ದರು. ಉಪ್ಪು ಹಾಕಿದ್ದನ್ನೂ, ಒಂಬತ್ತು ದಿನ ಸುಳ್ಳು ಹೇಳಿದ್ದನ್ನೂ, ನಮ್ಮೂರಿನ ತೆಂಗನ್ನೂ ಎಲ್ಲ ಸೇರಿಸಿ ಒಂದೇ ಉಸಿರಿಗೆ ಒದರಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಎಷ್ಟು ಹಾಕಿದೆ?"

"ಎರಡು ಸೇರು."

"ಗುದ್ದಲಿ ತಾ" ಎಂದರು.

ಬುಡದ ಮೇಲ್ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ತೆಗೆಸಿ, ಹೊಸ ಮರಳು ತುಂಬಿಸಿದರು. ಆಗ ಮನೆಗೆ ಕುಡಿಯುವ ಸಿಹಿನೀರು ಲಾರಿಯಲ್ಲಿ ಬರುತ್ತಿತ್ತು, ಚಹಾಕ್ಕೂ ಅನ್ನಕ್ಕೂ ಮಾತ್ರ ಅದು. ಆ ನೀರನ್ನೇ ದಿನಕ್ಕೆ ಎರಡು ಬಕೆಟ್ ಹಾಕಲು ಹೇಳಿದರು. ಒಳಗಿನ ಉಪ್ಪು ತೊಳೆದು ಕೆಳಗಿಳಿಯಬೇಕು. ಒಣಗಿದ ಗರಿಗಳನ್ನು ಕತ್ತರಿಸಲು ನಾನು ಕತ್ತಿ ಎತ್ತಿದರೆ ಕೈ ಹಿಡಿದರು. ಬಿಸಿಲು ಬಲಿಯುವ ತನಕ ಆ ಸತ್ತ ಗರಿಗಳೇ ಸುಳಿಗೆ ಹೊದಿಕೆ ಎಂದರು. ಅವನ್ನೆಲ್ಲ ಮೇಲಕ್ಕೆ ಒಟ್ಟುಗೂಡಿಸಿ, ಸುತ್ತ ಗೋಣಿ ಕಟ್ಟಿದೆವು. ಸುಳಿಗೂ ಅದರ ಪಕ್ಕದ ಗರಿಗೂ ಒಂದೇ ಮಟ್ಟದಲ್ಲಿ ಕೆಂಪು ನೂಲು ಕಟ್ಟಿಸಿದರು. ಸುಳಿಯಲ್ಲಿ ಜೀವವಿದ್ದರೆ ಅದರ ನೂಲು ಮೇಲಕ್ಕೆ ಏರುತ್ತದೆ.

ದಿನಾ ಬೆಳಿಗ್ಗೆ ಗೋಣಿ ಸರಿಸಿ ನೋಡುವುದು ನನ್ನ ಕೆಲಸವಾಯಿತು. "ಏರಿತಾ?" ಎಂದು ಹಜ್ಜಿಯಾ ಕೇಳುತ್ತಿದ್ದರು. "ಇಲ್ಲ" ಎನ್ನುತ್ತಿದ್ದೆ. ಅವರ ಸಮಾಧಾನಕ್ಕೆ ಹೌದು ಎನ್ನಬಹುದಿತ್ತು, ಅವರ ಕಣ್ಣಿಗೆ ನೂಲು ಕಾಣುತ್ತಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಸುಳ್ಳಿನ ಮೇಲೆ ನನಗೆ ವಾಕರಿಕೆ ಬಂದಿತ್ತು.

ಚಳಿಗಾಲ ಕಳೆದು ಬಿಸಿಲು ಏರಿದ ಮೇಲೆ ಗೋಣಿ ಬಿಚ್ಚಿದೆವು. ಗರಿಯ ಬುಡದಲ್ಲಿ ಅಗಿದು ಉಗಿದಂಥ ನಾರು ಕಂಡಿತು. ನೋಡಿದ ಕೂಡಲೇ ಗೊತ್ತಾಯಿತು, ನಮ್ಮ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ದಾಯಾದಿ. ಹಜ್ಜಿಯಾರ ಅಪ್ಪಣೆ ಕೇಳಿಯೇ ಮುಂದುವರಿದೆ. ಕಂಬಿಯ ತುದಿಯನ್ನು ಕೊಕ್ಕೆ ಮಾಡಿ ತೂತಿಗೆ ಇಳಿಸಿ, ಕೊಂಬಿನ ದುಂಬಿಯನ್ನು ಎಳೆದು ಹೊರಗೆ ಹಾಕಿದೆ. ಸುಳಿಗೆ ಇನ್ನೂ ಎರಡು ಬೆರಳು ದೂರವಿತ್ತು. "ಶಾಬಾಷ್, ಯಾ ವಲದಿ" ಎಂದರು. ಮಗನೇ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಅದಾಗಿ ಒಂದು ವಾರಕ್ಕೆ ನೂಲು ಏರಿತು. ನಾನು ಹೇಳಿದರೂ ಅವರು ನಂಬದೆ, ಎರಡೂ ನೂಲುಗಳ ಮೇಲೆ ಬೆರಳಿಟ್ಟು ತಾವೇ ಅಳೆದು ನೋಡಿದರು. ಆಮೇಲೆ ಅಲ್ಲೇ ಕೂತು ಅತ್ತರು.

ಮನೆಗೆ ಬಂದವರಿಗೆಲ್ಲ ಅವರು ಉಪ್ಪಿನ ಕತೆ ಹೇಳಿ ನಗತೊಡಗಿದರು. ಹೇಳುತ್ತಾ ಹೇಳುತ್ತಾ ನನ್ನ ಎರಡು ಸೇರು ಒಂದು ಮೂಟೆಯಾಯಿತು. ಒಂದು ಶುಕ್ರವಾರ ಊಟದ ಹೊತ್ತಿಗೆ ಆ ಕತೆ ಯಜಮಾನರ ಕಿವಿಗೂ ಬಿತ್ತು. ನಾನು ಬಾಗಿಲ ಬಳಿ ಕಾರಿನ ಕೀಲಿ ಹಿಡಿದು ನಿಂತಿದ್ದೆ. ಅವರು ನಗಲಿಲ್ಲ. ನನ್ನನ್ನೇ ನೋಡುತ್ತಾ ತಾಯಿಯನ್ನು ಕೇಳಿದರು, "ಇವನು ನಿನಗೆ ಇದನ್ನು ಯಾವಾಗ ಹೇಳಿದ?" ಅಷ್ಟು ಅರಬ್ಬಿ ನನಗೆ ಆಗ ಅರ್ಥವಾಗುತ್ತಿತ್ತು.

ಹಜ್ಜಿಯಾ ಐದು ಹೊತ್ತಿನ ನಮಾಜು ಒಂದು ದಿನವೂ ತಪ್ಪಿಸಿದವರಲ್ಲ. ಅನ್ನದ ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದರು, "ನಾನು ಮಾಹೂಝ್‌ನಿಂದ ಬಂದು ಕಾರಿನಿಂದ ಇಳಿಯುವ ಮೊದಲೇ ಹೇಳಿದ."