ಕಾಶಮ್ಮ ಕಾಕುವಿನ ಶತಾವರಿ ಕುಡಿ

ಹುಮನಾಬಾದಿನ ನಮ್ಮ ಓಣಿಯಲ್ಲಿ ಶರಣಪ್ಪ ಕಾಕಾ ಬೋಳುತಲೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದಾರೆಂದರೆ, ಅವರು ತಲೆಗೆ ಸುತ್ತುವ ರುಮಾಲು ಮನೆಯೊಳಗೆ ಯಾವುದೋ ಹಸಿ ಪಲ್ಯದ ತಲೆಯ ಮೇಲಿದೆ ಎಂದೇ ಅರ್ಥ. ಅಷ್ಟು ತೆಳ್ಳಗಿನ, ನೀರು ಹಿಡಿದಿಡುವ ಹಳೆಯ ಬಟ್ಟೆ ಅವರ ಹೆಂಡತಿ ಕಾಶಮ್ಮ ಕಾಕುಗೆ ಬೇರೊಂದು ಸಿಕ್ಕಿರಲಿಲ್ಲ. "ತಲಿಯೊಳಗ ಏನೂ ಇಲ್ಲದವರಿಗೆ ತಲಿ ಮ್ಯಾಲ ಯಾಕ ಬೇಕ್ರಿ?" ಎಂದು ಗಂಡನ ಎದುರಿಗೇ ಕೇಳುತ್ತಿದ್ದಳು. ಕಾಕಾ ಬೀಡಿ ಹಚ್ಚುತ್ತಿದ್ದರು, ಅಷ್ಟೆ.

ಮೊದಲ ಮಳೆ ಬಿದ್ದ ವಾರದಲ್ಲಿ ಕಾಕುವಿನ ತವರು ಘಾಟಬೋರಾಳದಿಂದ ಕುರಿ ಕಾಯುವ ಮಲ್ಲಪ್ಪ ಶತಾವರಿಯ ಎಳೆ ಕುಡಿಗಳನ್ನು ಕಟ್ಟಿ ತರುತ್ತಿದ್ದ. ಗೇಣುದ್ದ, ಬೆರಳಿಗಿಂತ ಸಣ್ಣ, ಮುರಿದರೆ ಟಕ್ಕೆನ್ನುವ ಕುಡಿ. ಬೇಳೆ ಹಾಕಿ ಪಲ್ಯ ಮಾಡಿದರೆ ಎಷ್ಟು ರೊಟ್ಟಿ ಒಳಗೆ ಹೋದವೆಂದೇ ತಿಳಿಯುತ್ತಿರಲಿಲ್ಲ. ಆದರೆ ಸುಮ್ಮನೆ ಬಿಟ್ಟರೆ ಮರುದಿನಕ್ಕೇ ಸೊರಗುತ್ತವೆ. ಕಾಕು ಬುಡ ಚೂರು ಕತ್ತರಿಸಿ, ತಂಬಿಗೆಗೆ ಎರಡು ಬೆರಳು ನೀರು ಹಾಕಿ, ಕುಡಿಗಳನ್ನು ನೆಟ್ಟಗೆ ನಿಲ್ಲಿಸಿ, ಒದ್ದೆ ರುಮಾಲು ಹೊದಿಸಿ ನೀರಿನ ಕೊಡಗಳ ಮಗ್ಗುಲಿಗೆ ಇಡುತ್ತಿದ್ದಳು. "ಮಲಗಿಸಿದ್ರ ಸತ್ತವು ಅಂತ ತಿಳಿ. ಪಲ್ಯಕ್ಕೂ ಅಳಿಯಗೂ ಒಂದೇ ಉಪಚಾರ ತಂಗಿ. ಕಾಲಿಗೆ ನೀರು, ತಲಿಗೆ ಅರಿವಿ. ಮೂರ ದಿನದ ಮ್ಯಾಲ ಇಬ್ಬರನ್ನೂ ಇಡಬಾರದು!" ಎಂದು ನನಗೆ ಪಾಠ ಹೇಳುತ್ತಿದ್ದಳು.

ಓಣಿಗೆ ಮೊದಲ ಫ್ರಿಜ್ ಬಂದದ್ದು ನಮ್ಮ ಮನೆಗೆ. ನಾನು ಸಾಲಿಯಲ್ಲಿ ಕಲಿಸುವ ಟೀಚರಬಾಯಿ, ಜಂಬಕ್ಕೇನು ಕಡಿಮೆ? ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದೆ. ಕಾಕು ಒಳಗೆ ಕೈ ಹಾಕಿ, ಸರಕ್ಕನೆ ಹಿಂದೆ ತೆಗೆದು, "ಯವ್ವಾ, ಹೆಣ ಇಡೋ ಪೆಟ್ಟಿಗಿ ಇದು. ಸತ್ತ ಮ್ಯಾಲ ನನ್ನ ಮಾತ್ರ ಐಸಿನ್ಯಾಗ ಇಡಬ್ಯಾಡ್ರಿ" ಎಂದಳು. ನನಗೆ ಸಿಟ್ಟೇ ಬಂದಿತ್ತು.

ಆ ವರ್ಷ ಮಳೆ ಬೇಗ ಬಂತು, ಕುಡಿಗಳ ಕಾಲವೂ ಬೇಗ ಮುಗಿಯಿತು. ಬಸವಕಲ್ಯಾಣಕ್ಕೆ ಕೊಟ್ಟಿದ್ದ ಕಾಕುವಿನ ಮಗಳು ಶಕುಂತಲೆ ಚೊಚ್ಚಲ ಬಸುರಿ. ಶತಾವರಿ ಪಲ್ಯಕ್ಕೆ ಬಾಯಿ ಬಿಡುತ್ತಿದ್ದಾಳೆಂದು ಸುದ್ದಿ ಬಂದಿತ್ತು. ಕುಬಸದ, ಅಂದರೆ ಸೀಮಂತದ, ಕಾರ್ಯಕ್ಕೆ ಇನ್ನೂ ಎಂಟು ದಿನ. ಅಲ್ಲಿಯವರೆಗೆ ತವರಿನವರು ಹೊಸ್ತಿಲು ತುಳಿಯಬಾರದೆಂದು ಬೀಗತಿಯ ಕಟ್ಟಪ್ಪಣೆ. ಮಲ್ಲಪ್ಪ ತಂದದ್ದೋ ಆ ವರ್ಷದ ಕೊನೆಯ ಕಟ್ಟು. ಮೂರು ದಿನದ ಪಲ್ಯವನ್ನು ಎಂಟು ದಿನ ಇಡುವುದು ಹೇಗೆ? ಕಾಕು ಹಟ ಬಿಟ್ಟು ಅರ್ಧ ನನ್ನ ಫ್ರಿಜ್ಜಿಗೆ ಕೊಟ್ಟಳು. ಹೆಚ್ಚು ತಂಪಾದರೆ ಹೆಚ್ಚು ದಿನ ಎಂಬ ನನ್ನ ವಿದ್ಯೆಯ ಪ್ರಕಾರ ನಾನು ಅವನ್ನು ಐಸ್ ಕಟ್ಟುವ ಖಾನೆಯಲ್ಲೇ ತುರುಕಿದೆ. ಎಂಟನೇ ದಿನ ತೆಗೆದರೆ ಕಲ್ಲು, ಕರಗಿದ ಮೇಲೆ ಸಿಂಬಳ. ನನಗೆ ಅಳುವೇ ಬಂತು. "ಹೋಗ್ಲಿ ಬಿಡು. ಸಾಲಿ ಕಲ್ತಾಕಿ ನೀ, ಇಷ್ಟರೆ ಆಗಬೇಕಲ್ಲ" ಎಂದಳು ಕಾಕು.

ಉಳಿದದ್ದು ತಂಬಿಗೆಯ ಅರ್ಧ. ದಿನಾ ನೀರು ಬದಲಿಸಿ, ಬುಡ ಕತ್ತರಿಸಿ ಕತ್ತರಿಸಿ ಗೇಣುದ್ದದ ಕುಡಿಗಳು ನಾಲ್ಕು ಬೆರಳಿಗೆ ಇಳಿದಿದ್ದವು. ಆದರೂ ಹಸಿರಾಗಿದ್ದವು. ರುಮಾಲು ಹೊದ್ದ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಕು ಕಲ್ಯಾಣದ ಬಸ್ಸಿನಲ್ಲಿ ಕೂತಳು. ಪಕ್ಕದಲ್ಲಿ ಬೋಳುತಲೆಯ ಕಾಕಾ, ಹಿಂದೆ ನಾನು. ಕಾಕಾ ಬೀಗರ ಮನೆಗೂ ಹಾಗೇ ಹೋದರು. ಶಕುಂತಲೆ ಒಂದು ಹಿಡಿ ಪಲ್ಯ ಉಂಡು ಐದೂ ಬೆರಳು ನೆಕ್ಕಿದಳು. ಬೀಗತಿ ಪಾತ್ರೆಯೊಳಗೆ ಹಣಕಿದಾಗ ಕಾಕು, "ನಿಮಗ ಮುಂದಿನ ವರ್ಷ ತರ್ತೀನ್ರಿ, ಬಸುರಾದ್ರ" ಎಂದಳು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾಕು ತೀರಿಕೊಂಡಳು. ಗಂಡನಿಗೆ ವರ್ಗವಾಗಿ ದೂರ ಹೋಗಿದ್ದ ಶಕುಂತಲೆ ಬರುವುದು ಮರುದಿನ. ನಾವು ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಕಾಕು ನೆಟ್ಟಗೆ ಕೂತಿದ್ದಳು. ಯಾರೋ ಐಸ್ ತರಿಸೋಣ ಎಂದರು. "ಬ್ಯಾಡ್ರಿ!" ಎಂದು ನಾನು ಕೂಗಿಯೇ ಬಿಟ್ಟೆ. ಕಾಕಾ ಎದ್ದು ರುಮಾಲು ಬಿಚ್ಚಿ, ಕೊಡದ ನೀರಿನಲ್ಲಿ ಅದ್ದಿ ಹಿಂಡಿ, ಹೆಂಡತಿಯ ತಲೆಗೆ ಹೊದಿಸಿದರು. ಅಷ್ಟು ವರ್ಷಗಳಲ್ಲಿ ಅವರಾಗಿಯೇ ಅದನ್ನು ಕೊಟ್ಟದ್ದು ಅದೊಂದೇ ಸಲ.

ಮರುದಿನ ಮಗಳು ಬಂದಳು, ಅತ್ತಳು. ಹೊತ್ತಾಯಿತೆಂದು ಜನ ಅವಸರ ಮಾಡತೊಡಗಿದರು. ಕಾಕಾ ನನ್ನ ಕಡೆ ತಿರುಗಿ ಮೆಲ್ಲಗೆ, "ಮೂರ ದಿನ ಇಡಬಹುದು ಅಂತಿದ್ದಳಲ್ಲ ಟೀಚರಬಾಯಿ? ಇನ್ನಾ ಒಂದೇ ದಿನ ಆಗ್ಯಾದ" ಎಂದರು.